ಬಜೆಟ್ಟಿನ ಹೆಚ್ಚುವರಿ ಹಣದಲ್ಲಿ ಸರ್ಕಾರಿ ಶಾಲೆಯ ಪಾಲು: ತುಮಕೂರು ಜಿಲ್ಲೆಯ ಎಸ್‌ಡಿಎಂಸಿಗಳಿಗೆ ಮಾರ್ಗದರ್ಶಿ

ರಾಜ್ಯದ ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಯಲ್ಲಿ ಕೋಟಿಗಳ ಲೆಕ್ಕ ಓದಿ, ಅದರಲ್ಲಿ ತಮ್ಮೂರ ಶಾಲೆಗೂ ಒಂದಿಷ್ಟು ಬರಲಿ ಎಂದು ಮನವಿ ಬರೆಯುವ ಎಸ್‌ಡಿಎಂಸಿಗಳು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು) ಬಹಳ. ಆ ಮನವಿಗೆ ಅನುದಾನದ ಲಭ್ಯತೆಯನ್ನು ನೋಡಿಕೊಂಡು ಕ್ರಮ ವಹಿಸುವುದಾಗಿ ಹಿಂಬರಹ ಬರುತ್ತದೆ, ಅಲ್ಲಿಗೆ ಆ ವರ್ಷದ ಕಥೆ ಮುಗಿಯುತ್ತದೆ. ಬಜೆಟ್ ಮಂಡನೆಯಾಗುವ ಹೊತ್ತಿಗೆ ಆ ವರ್ಷದ ಹಣದ ಹಂಚಿಕೆ ಮುಗಿದಿರುತ್ತದೆಯಾದ್ದರಿಂದ ಮನವಿ ತಡವಾಗಿ ತಲುಪಿದಂತಾಗುತ್ತದೆ. ಹೆಚ್ಚುವರಿ ಹಣ ಯಾವಾಗ, ಯಾವ ಲೆಕ್ಕಶೀರ್ಷಿಕೆಯಲ್ಲಿ (ಬಜೆಟ್ಟಿನಲ್ಲಿ ಪ್ರತಿ ಬಗೆಯ ವೆಚ್ಚಕ್ಕೆ ಕೊಟ್ಟಿರುವ ಸಂಖ್ಯೆಯಡಿ) ಹುಟ್ಟುತ್ತದೆ ಎಂಬುದನ್ನು ತಿಳಿದು, ಅದಕ್ಕಿಂತ ಮೊದಲೇ ಕಾಗದಪತ್ರ ಸಿದ್ಧವಿಟ್ಟುಕೊಂಡ ಶಾಲೆಗೆ ಮಾತ್ರ ಅದು ದಕ್ಕುತ್ತದೆ.

ಮೊದಲು ಆಯವ್ಯಯದ ಅಂಕಿಗಳನ್ನು ಓದುವುದನ್ನು ಕಲಿಯಬೇಕು. ಪ್ರತಿ ಬಾಬ್ತಿನ ಮುಂದೆ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು ಮತ್ತು ಲೆಕ್ಕ ಎಂಬ ಮೂರು ಅಂಕಿಗಳಿರುತ್ತವೆ. ಇವುಗಳಲ್ಲಿ ಕೊನೆಯದು ಮಾತ್ರ ನಿಜವಾಗಿ ಖರ್ಚಾದ ಹಣ. 2022-23ರ ಬಜೆಟ್ಟಿನಲ್ಲಿ ಹದಿನಾಲ್ಕು ಸಾವಿರ ಕೋಟಿ ರೂಪಾಯಿಗೂ ಮೀರಿದ ರಾಜಸ್ವ ಕೊರತೆಯನ್ನು (ದೈನಂದಿನ ಆದಾಯಕ್ಕಿಂತ ದೈನಂದಿನ ವೆಚ್ಚ ಹೆಚ್ಚಾಗುವುದನ್ನು) ಅಂದಾಜಿಸಲಾಗಿತ್ತು, ಆದರೆ ಲೆಕ್ಕ ಮುಗಿದಾಗ ಆ ವರ್ಷ ರಾಜಸ್ವ ಹೆಚ್ಚುವರಿಯಲ್ಲೇ ಕೊನೆಗೊಂಡಿತ್ತು. ಹೀಗೆ ಉಳಿದ ಹಣವನ್ನು ಯಾರೂ ಖಜಾನೆಯಲ್ಲಿ ಬೇರೆಯಾಗಿ ಎತ್ತಿಟ್ಟಿರುವುದಿಲ್ಲ. ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ, 2002ರ ಚೌಕಟ್ಟಿನಲ್ಲಿ ವಿತ್ತೀಯ ಕೊರತೆ, ಅಂದರೆ ಸಾಲದಿಂದ ತುಂಬಬೇಕಾದ ಒಟ್ಟು ಕೊರತೆ, ರಾಜ್ಯದ ಆಂತರಿಕ ಉತ್ಪನ್ನದ ಶೇ. 3ರೊಳಗೆ ಇರಬೇಕಾದ್ದರಿಂದ, ರಾಜಸ್ವ ಲೆಕ್ಕದಲ್ಲಿ ಮಿಕ್ಕ ಹಣ ಕಟ್ಟಡ, ರಸ್ತೆಯಂಥ ಆಸ್ತಿ ನಿರ್ಮಿಸುವ ಬಂಡವಾಳ ವೆಚ್ಚಕ್ಕೆ ಸೇರಿಹೋಗುತ್ತದೆ ಮತ್ತು ಸರ್ಕಾರ ಮಾಡಬೇಕಾದ ಸಾಲ ಅಷ್ಟರ ಮಟ್ಟಿಗೆ ತಗ್ಗುತ್ತದೆ. 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿಗಳಾದರೂ ಅದರಲ್ಲಿ ಅಂದಾಜಿಸಿರುವುದು 19,262 ಕೋಟಿಯ ರಾಜಸ್ವ ಕೊರತೆಯನ್ನೇ. ಆದುದರಿಂದ ಇಡೀ ರಾಜ್ಯದ ಹೆಚ್ಚುವರಿಗಾಗಿ ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ಒಟ್ಟಾರೆ ಕೊರತೆಯಿರುವ ವರ್ಷದಲ್ಲಿಯೂ ಇಲಾಖೆಯೊಳಗಿನ ಕೆಲವು ಬಾಬ್ತುಗಳಲ್ಲಿ ಹಣ ಮಿಕ್ಕುತ್ತದೆ; ಸಮಿತಿಗಳು ಕಣ್ಣಿಡಬೇಕಾದದ್ದು ಅಲ್ಲಿ.

ಎರಡನೆಯ ಕೆಲಸ, ಶಾಲೆಯ ಅಗತ್ಯಗಳನ್ನು ಎರಡು ಪಟ್ಟಿಗಳಾಗಿ ಬೇರ್ಪಡಿಸುವುದು. ಶಿಕ್ಷಕರ ವೇತನದಂತೆ ವರ್ಷವರ್ಷವೂ ಬೇಕಾದ ಖರ್ಚು ಒಂದು ಪಟ್ಟಿಗೆ ಸೇರಲಿ. ಕೊಠಡಿ, ಶೌಚಾಲಯ, ಕಾಂಪೌಂಡು, ಪ್ರಯೋಗಾಲಯದಂತೆ ಒಮ್ಮೆ ಆದರೆ ಹಲವು ವರ್ಷ ಬಾಳುವ ಖರ್ಚು ಇನ್ನೊಂದಕ್ಕೆ ಸೇರಲಿ. ಮಿಕ್ಕ ಹಣದಿಂದ ಮೊದಲನೆಯ ಪಟ್ಟಿಯ ಕೆಲಸಕ್ಕೆ ಕೈಹಾಕಿದರೆ ಮುಂದಿನ ವರ್ಷ ಅದೇ ಖರ್ಚಿಗೆ ಹಣವಿರುವುದಿಲ್ಲ, ಅತಿಥಿ ಶಿಕ್ಷಕರ ಗೌರವಧನಕ್ಕೆ ಮತ್ತೆ ಅಲೆದಾಟ ಶುರುವಾಗುತ್ತದೆ. ಶಿಕ್ಷಕರ ಹುದ್ದೆಯನ್ನು ಮುಖ್ಯ ಬಜೆಟ್ಟಿನಲ್ಲಿಯೇ ಕೇಳಬೇಕು, ಹಕ್ಕೆಂದೇ ಕೇಳಬೇಕು. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 60ರವರೆಗೆ ಮಕ್ಕಳಿರುವ ಶಾಲೆಗೆ ಇಬ್ಬರು, 61ರಿಂದ 90 ಮಕ್ಕಳಿದ್ದರೆ ಮೂವರು ಶಿಕ್ಷಕರಿರಬೇಕು. ಗಂಡು ಮತ್ತು ಹೆಣ್ಣು ಮಕ್ಕಳಿಗೆ ಬೇರೆಬೇರೆ ಶೌಚಾಲಯ, ಕುಡಿಯುವ ನೀರು, ಆವರಣ ಗೋಡೆ ಅಥವಾ ಬೇಲಿ ಸಹ ಅದೇ ಅನುಸೂಚಿಯಲ್ಲಿವೆ. ಅದೇ ಕಾಯ್ದೆಯ 22ನೆಯ ಪ್ರಕರಣದ ಪ್ರಕಾರ ಸರ್ಕಾರದ ಯೋಜನೆಗಳಿಗೂ ಅನುದಾನಕ್ಕೂ ಶಾಲಾ ಅಭಿವೃದ್ಧಿ ಯೋಜನೆಯೇ ಆಧಾರ. ಬಹುತೇಕ ಶಾಲೆಗಳಲ್ಲಿ ಇದನ್ನು ಹಿಂದಿನ ವರ್ಷದ ಪ್ರತಿಯಿಂದ ನಕಲು ಮಾಡಿ ಫೈಲಿಗೆ ಸೇರಿಸುವುದೇ ರೂಢಿಯಾಗಿಬಿಟ್ಟಿರುವುದು ವಿಷಾದದ ಸಂಗತಿ, ಏಕೆಂದರೆ ಸಮಿತಿಯ ಕೈಯಲ್ಲಿ ಕಾನೂನಿನ ಬಲವಿರುವ ದಾಖಲೆ ಇದೊಂದೇ.

ಇನ್ನು ಲೆಕ್ಕಶೀರ್ಷಿಕೆಯ ವಿಚಾರ. ಸಾಮಾನ್ಯ ಶಿಕ್ಷಣದ ರಾಜಸ್ವ ವೆಚ್ಚ 2202ರ ಅಡಿಯಲ್ಲಿಯೂ, ಶಾಲಾ ಕಟ್ಟಡಗಳ ಬಂಡವಾಳ ವೆಚ್ಚ 4202ರ ಅಡಿಯಲ್ಲಿಯೂ ಬರುತ್ತದೆ. ಹುದ್ದೆಗಳು ಖಾಲಿ ಉಳಿದುದರಿಂದ ವೇತನದ ಬಾಬ್ತಿನಲ್ಲಿ ಹಣ ಮಿಕ್ಕಿತು ಎಂದುಕೊಳ್ಳೋಣ. ಒಂದೇ ಬೇಡಿಕೆಯೊಳಗೆ (ಇಲಾಖೆಗಾಗಿ ಸದನ ಒಪ್ಪುವ ಅನುದಾನದ ಕೋರಿಕೆಯೊಳಗೆ) ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಹಣ ವರ್ಗಾಯಿಸುವ ಪುನರ್ವಿನಿಯೋಗಕ್ಕೆ ಆರ್ಥಿಕ ಇಲಾಖೆ ಒಪ್ಪಿಗೆ ನೀಡಬಹುದಾದರೂ, ರಾಜಸ್ವದ ಹಣವನ್ನು ಬಂಡವಾಳದ ಕಡೆಗೆ ಹಾಗೆ ವರ್ಗಾಯಿಸಲು ಬರುವುದಿಲ್ಲ. ಅಂದರೆ ವೇತನದಲ್ಲಿ ಉಳಿದ ಹಣದಿಂದ ಹೊಸ ಕೊಠಡಿ ಕಟ್ಟಿಸಿಕೊಡಿ ಎಂಬ ಮನವಿ ನಿಯಮದ ಪ್ರಕಾರವೇ ಬಿದ್ದುಹೋಗುತ್ತದೆ. ಸೋರುವ ಮಾಳಿಗೆಯ ದುರಸ್ತಿ, ಪೀಠೋಪಕರಣ, ಪ್ರಯೋಗಾಲಯದ ಸಾಮಗ್ರಿ ಎಂದು ಕೇಳಿದರೆ ದಾರಿಯುಂಟು. ಹೊಸ ಕಟ್ಟಡವೇ ಬೇಕೆಂದರೆ ಸಂವಿಧಾನದ 205ನೆಯ ಅನುಚ್ಛೇದದಂತೆ ವಿಧಾನಮಂಡಲದ ಮುಂದೆ ಬರುವ ಪೂರಕ ಅಂದಾಜುಗಳಲ್ಲಿ (ಬಜೆಟ್ಟಿನ ನಂತರ ಹೆಚ್ಚುವರಿ ವೆಚ್ಚಕ್ಕೆ ಒಪ್ಪಿಗೆ ಕೇಳುವ ಪಟ್ಟಿಯಲ್ಲಿ) ಅದಕ್ಕೆ ಜಾಗ ಸಿಗಬೇಕು. ಈ ಅಂದಾಜುಗಳು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಕಂತುಗಳಲ್ಲಿ ಬರುತ್ತವೆ, ಅವುಗಳಲ್ಲಿ ಬೆಳಗಾವಿಯ ಚಳಿಗಾಲದ ಅಧಿವೇಶನದ ಕಂತು ಹಳ್ಳಿಶಾಲೆಯ ಮಟ್ಟಿಗೆ ಮುಖ್ಯ. ನಿಮ್ಮ ಪ್ರಸ್ತಾವ ಅದಕ್ಕೆ ಎರಡು ಮೂರು ತಿಂಗಳು ಮುಂಚಿತವಾಗಿ ಬೆಂಗಳೂರು ತಲುಪಿರಬೇಕು.

ಪ್ರಸ್ತಾವ ತಲುಪಿದರೆ ಸಾಲದು, ಅದರೊಂದಿಗೆ ಇರಬೇಕಾದ ಕಾಗದಗಳೂ ಪೂರ್ತಿಯಾಗಿರಬೇಕು. ನಮ್ಮ ಕಡೆ ಅತಿ ಹೆಚ್ಚು ತೊಡಕಾಗುವುದು ಜಾಗದ ದಾಖಲೆಯಲ್ಲಿ. ಹಿಂದೆ ಊರಿನ ದೊಡ್ಡ ಮನುಷ್ಯರೊಬ್ಬರು ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗದಲ್ಲಿ ಶಾಲೆ ಎದ್ದಿರುತ್ತದೆ, ಆದರೆ ಪಹಣಿಯಲ್ಲಿ ಇಂದಿಗೂ ಅವರ ತಾತನ ಹೆಸರೇ ಇರುತ್ತದೆ. ದಾನಪತ್ರವನ್ನು ನೋಂದಾಯಿಸಿ, ಗ್ರಾಮಠಾಣಾ (ಊರಿನ ವಸತಿ ಪ್ರದೇಶ) ವ್ಯಾಪ್ತಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಆಸ್ತಿ ತಂತ್ರಾಂಶವಾದ ಇ-ಸ್ವತ್ತು ಮೂಲಕ ಶಾಲೆಯ ಹೆಸರಿಗೆ ಆಸ್ತಿ ದಾಖಲೆಯಾದ ನಮೂನೆ 9 ಪಡೆಯುವ ಕೆಲಸಕ್ಕೆ ತಿಂಗಳುಗಳೇ ಹಿಡಿಯುವುದರಿಂದ ಅದನ್ನು ಎಲ್ಲಕ್ಕಿಂತ ಮೊದಲು ಶುರುಮಾಡಬೇಕು. ಆಮೇಲೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗದಿಂದ ಚಾಲ್ತಿ ಎಸ್.ಆರ್. (ಸರ್ಕಾರಿ ಕಾಮಗಾರಿಗಳ ದರಪಟ್ಟಿ) ದರದಲ್ಲಿ ಅಂದಾಜುಪಟ್ಟಿ ಮಾಡಿಸಿಕೊಳ್ಳಿ. ಹಳೆಯ ದರದ ಪಟ್ಟಿಯನ್ನು ಮೇಲಿನ ಕಚೇರಿ ಪರಿಷ್ಕರಣೆಗೆಂದು ವಾಪಸು ಕಳಿಸುತ್ತದೆ, ಅಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಮಕ್ಕಳ ಸಂಖ್ಯೆ, ಕೊಠಡಿಗಳ ಸ್ಥಿತಿ ಮತ್ತು ಶೌಚಾಲಯದ ವಿವರ ಶಾಲೆಗಳ ರಾಷ್ಟ್ರೀಯ ಅಂಕಿಅಂಶ ಜಾಲತಾಣವಾದ ಯು-ಡೈಸ್ ಪ್ಲಸ್‌ನಲ್ಲಿರುವುದಕ್ಕೆ ತಾಳೆಯಾಗಬೇಕು. ಶಿಥಿಲ ಕೊಠಡಿಯನ್ನು ಅಲ್ಲಿ ಸುಸ್ಥಿತಿಯಲ್ಲಿದೆ ಎಂದು ತುಂಬಿದ್ದರೆ ನಿಮ್ಮ ಮನವಿಯನ್ನು ನಿಮ್ಮದೇ ಶಾಲೆಯ ಅಂಕಿಅಂಶ ತಳ್ಳಿಹಾಕುತ್ತದೆ. ಇವೆಲ್ಲದರ ಮೇಲೆ ಸಮಿತಿಯ ನಡವಳಿಯ ಪ್ರತಿ ಇರಲಿ.

ಪ್ರಸ್ತಾವ ಹೋಗುವ ದಾರಿ ಎಲ್ಲರಿಗೂ ಗೊತ್ತಿರುವುದೇ: ಮುಖ್ಯಶಿಕ್ಷಕರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅವರಿಂದ ಉಪನಿರ್ದೇಶಕರಿಗೆ. ನಮ್ಮ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ಪಾವಗಡ, ಶಿರಾ, ಕೊರಟಗೆರೆ ಮತ್ತು ಮಧುಗಿರಿಯವರು ಮಧುಗಿರಿಯ ಕಚೇರಿಗೂ ಉಳಿದ ತಾಲ್ಲೂಕಿನವರು ತುಮಕೂರಿನ ಕಚೇರಿಗೂ ಹೋಗಬೇಕು. ಪ್ರಸ್ತಾವದ ಒಂದು ಪ್ರತಿಯನ್ನು ಶಾಸಕರಿಗೂ ಕೊಟ್ಟು, ಅವರ ಅಧ್ಯಕ್ಷತೆಯ ತಾಲ್ಲೂಕು ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆಯಲ್ಲಿ ವಿಷಯ ಪ್ರಸ್ತಾಪವಾಗುವಂತೆ ನೋಡಿಕೊಳ್ಳಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ವರ್ಷಕ್ಕೆ ಎರಡು ಕೋಟಿ ಇರುವುದು ನಿಜ, ಆದರೆ ಅದನ್ನೇ ನೆಚ್ಚಿಕೊಂಡು ಕೂರಬಾರದು. ದೇವಸ್ಥಾನ, ಸಮುದಾಯ ಭವನ, ರಸ್ತೆಗಳೆಲ್ಲ ಅದೇ ಎರಡು ಕೋಟಿಯ ಮುಂದೆ ಸಾಲುಗಟ್ಟಿರುತ್ತವೆ. ಪ್ರಾದೇಶಿಕ ಅಸಮತೋಲನದ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯಲ್ಲಿ ಪಾವಗಡ ಮತ್ತು ಶಿರಾ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಲ್ಪಟ್ಟಿರುವುದನ್ನು ಅಲ್ಲಿನ ಸಮಿತಿಗಳು ಮನವಿಯ ಮೊದಲ ಪುಟದಲ್ಲಿಯೇ ನಮೂದಿಸಬೇಕು. ಚಿಕ್ಕನಾಯಕನಹಳ್ಳಿಯ ಗಣಿ ಬಾಧಿತ ಹಳ್ಳಿಗಳಿಗೆ ಇನ್ನೊಂದು ಬಾಗಿಲಿದೆ. ಗಣಿಗಾರರಿಂದ ಪಡೆದ ಹಣವನ್ನು ಬಾಧಿತ ಪ್ರದೇಶಕ್ಕೆ ಬಳಸುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣ ಆದ್ಯತೆಯ ಕ್ಷೇತ್ರವಾಗಿದೆ. ಈ ಹಣ ರಾಜ್ಯ ಬಜೆಟ್ಟಿನ ಏರಿಳಿತಕ್ಕೆ ಸಿಕ್ಕುವುದಿಲ್ಲ ಮತ್ತು ಮಾರ್ಚ್ 31ಕ್ಕೆ ರದ್ದಾಗುವುದೂ ಇಲ್ಲ.

ಇಲಾಖೆಯ ಹಣ ಹಾಗಲ್ಲ. ಆರ್ಥಿಕ ವರ್ಷದ ಕೊನೆಗೆ ಖರ್ಚಾಗದೆ ಉಳಿದದ್ದನ್ನು ಇಲಾಖೆ ಸರ್ಕಾರಕ್ಕೆ ಹಿಂದಿರುಗಿಸಬೇಕಾಗುತ್ತದೆ, ಇಲ್ಲವಾದರೆ ಅದು ತಾನಾಗಿ ರದ್ದಾಗುತ್ತದೆ. ಆದ್ದರಿಂದ ಜನವರಿಯಲ್ಲಿ ಒಮ್ಮೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ, ತಾಲ್ಲೂಕಿಗೆ ಬಿಡುಗಡೆಯಾದ ಹಣ ಎಷ್ಟು, ಖರ್ಚಾದದ್ದೆಷ್ಟು ಎಂದು ವಿನಯದಿಂದಲೇ ವಿಚಾರಿಸಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ ಮೂವತ್ತು ದಿನಗಳ ಗಡುವು; ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗೆ ಇರಬೇಕು. ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ತಾಲ್ಲೂಕಿನ ಶಾಲಾ ದುರಸ್ತಿಯ ಬಾಬ್ತಿನಲ್ಲಿ ಬಂದ ಹಣ, ಖರ್ಚಾದ ಹಣ ಮತ್ತು ಹಿಂದಿರುಗಿಸಿದ ಹಣದ ವಿವರವನ್ನು ಲೆಕ್ಕಶೀರ್ಷಿಕೆವಾರು ಕೇಳಿದರೆ ಸಾಕು. ಬಂದ ಉತ್ತರದಲ್ಲಿ ಹಿಂದಿರುಗಿಸಿದ ಮೊತ್ತ ದೊಡ್ಡದಿದ್ದರೆ, ಅದರ ದೃಢೀಕೃತ ಪ್ರತಿಯನ್ನು ಅಂದಾಜುಪಟ್ಟಿಯ ಜೊತೆಗೆ ಲಗತ್ತಿಸಿ ಮುಂದಿನ ಏಪ್ರಿಲ್ ತಿಂಗಳಲ್ಲಿಯೇ ಹೊಸ ಪ್ರಸ್ತಾವ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ.