ಬಳಸಿದ ಸೂಜಿ ಚುಚ್ಚದಂತೆ ಆಸ್ಪತ್ರೆಯಲ್ಲಿ ನಿಯಮ ತರುವುದು ಹೇಗೆ?

ವರ್ಷಗಳ ಹಿಂದೆ ನಾನು ನರ್ಸ್ ಆಗಿದ್ದ ವಾರ್ಡಿನಲ್ಲಿ ಕಸದ ಚೀಲ ಎತ್ತಿಕೊಂಡು ಹೋಗುತ್ತಿದ್ದ ಆಯಾ ಒಬ್ಬರ ತೊಡೆಗೆ ಚೀಲದೊಳಗಿದ್ದ ಸೂಜಿ ಚುಚ್ಚಿತು. ಯಾವ ರೋಗಿಯದು, ಯಾರು ಹಾಕಿದ್ದು, ಯಾರಿಗೂ ಗೊತ್ತಿಲ್ಲ. ಆಕೆ ಸೆರಗಿನಿಂದ ರಕ್ತ ಒರೆಸಿಕೊಂಡು ಕೆಲಸ ಮುಂದುವರಿಸಿದರು. ನಮಗೆ ಹೇಳಿದ್ದು ನಾಲ್ಕು ದಿನ ಕಳೆದ ಮೇಲೆ. ‘ಬೈತೀರೇನೋ ಅಂತ ಸುಮ್ನಿದ್ದೆ ಸಿಸ್ಟರ್’ ಅಂದರು. ಎಚ್‌ಐವಿ ತಡೆಯುವ ಮಾತ್ರೆ ಶುರು ಮಾಡಲು ಇರುವ ಗಡುವು 72 ಗಂಟೆ. ಅದು ದಾಟಿಹೋಗಿತ್ತು. ಅವರಿಗೆ ಸೋಂಕು ತಗಲಲಿಲ್ಲ. ಆದರೆ ಆರು ತಿಂಗಳು, ಒಂದೊಂದು ರಕ್ತಪರೀಕ್ಷೆಯ ದಿನವೂ ಅವರು ಎಷ್ಟು ನಡುಗಿದರೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಅಂದಿನಿಂದ ನನಗೆ ಅನ್ನಿಸಿರುವುದು ಇಷ್ಟೇ: ಸೂಜಿಯ ನಿಯಮವನ್ನು ಇಂಜೆಕ್ಷನ್ ಕೊಡುವವರನ್ನಷ್ಟೇ ನೆನೆದು ಬರೆಯಬಾರದು, ಕಸ ಎತ್ತುವವರನ್ನು ನೆನೆದು ಬರೆಯಬೇಕು. ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ಆದರೂ ಸರಿ, ಹೀಗೆ ಶುರು ಮಾಡಬಹುದು.

ಮೊದಲು ಒಂದು ವಾರ ನೋಡಿ

ಸೂಜಿ ಬಳಸುವ ಜಾಗದಿಂದ ಅದನ್ನು ಹಾಕುವ ಡಬ್ಬಿಗೆ ಎಷ್ಟು ಹೆಜ್ಜೆ ಇದೆ, ಎಣಿಸಿ. ಡಬ್ಬಿ ನರ್ಸಿಂಗ್ ಸ್ಟೇಷನ್ನಿನಲ್ಲಿದ್ದು ರೋಗಿ ವಾರ್ಡಿನ ಆ ತುದಿಯಲ್ಲಿದ್ದರೆ, ತೆರೆದ ಸೂಜಿ ಹಿಡಿದು ಅಷ್ಟು ದೂರ ನಡೆಯುವ ಭಯಕ್ಕೇ ಜನ ಕ್ಯಾಪ್ ಮತ್ತೆ ಹಾಕುತ್ತಾರೆ. ಕ್ಯಾಪ್ ಹಾಕುವಾಗಲೇ ಎಡಗೈ ಬೆರಳಿಗೆ ಚುಚ್ಚುವುದು. ಬೆರಳು ಚುಚ್ಚಿ ರಕ್ತ ತೆಗೆಯಲು ಬಳಸಿದ ಲ್ಯಾನ್ಸೆಟ್ ದಿಂಬಿನ ಪಕ್ಕ ಬಿದ್ದಿದೆಯೇ, ಡ್ರೆಸ್ಸಿಂಗ್ ಟ್ರೇಯ ಹತ್ತಿಯಡಿ ಸೂಜಿ ಅಡಗಿದೆಯೇ, ಅದನ್ನೂ ಗಮನಿಸಿ.

ಆಮೇಲೆ ಮೂರು ಮಾತಿನ ನಿಯಮ

ಸೂಜಿಯನ್ನು ಬಳಸಿದವರೇ ಡಬ್ಬಿಗೆ ಹಾಕಬೇಕು. ಬಳಸಿದ ಜಾಗದಲ್ಲೇ ಹಾಕಬೇಕು. ಕ್ಯಾಪ್ ಮತ್ತೆ ಹಾಕಬಾರದು. ಇದಕ್ಕೆ ಡಾಕ್ಟರೂ ಹೊರತಲ್ಲ. ಹೊಲಿಗೆ ಹಾಕಿ ಸೂಜಿಯನ್ನು ಟ್ರೇಯಲ್ಲೇ ಬಿಟ್ಟು ಹೋಗುವ ಹಿರಿಯ ವೈದ್ಯರಿಗೂ ಇದೇ ಮಾತನ್ನು ಹೇಳುವ ಧೈರ್ಯ ಆಸ್ಪತ್ರೆಗೆ ಇರಬೇಕು.

ಈ ನಿಯಮ ನಡೆಯಬೇಕಾದರೆ ಡಬ್ಬಿ ಕೈಗೆ ಎಟಕುವಲ್ಲಿರಬೇಕು. ಅಂದರೆ ಟ್ರಾಲಿಯ ಮೇಲೇ. 2016ರ ಜೀವ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸೂಜಿ, ಬ್ಲೇಡ್‌ಗಳಿಗೆ ಚುಚ್ಚಿದರೂ ತೂತಾಗದ, ಸೋರದ ಬಿಳಿ ಡಬ್ಬಿ ಬೇಕು. ಸಿರಿಂಜಿನಿಂದ ಸೂಜಿಯನ್ನು ಕೈಯಲ್ಲಿ ಕೀಳದೆ, ಸೂಜಿ ಕತ್ತರಿಸುವ ಕಟರ್‌ಗೆ ಕೊಡಿ. ಡಬ್ಬಿ ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ ಬದಲಿಸಿ. ತುಂಬಿದ ಡಬ್ಬಿಯೊಳಕ್ಕೆ ಸೂಜಿ ಒತ್ತಲು ಹೋಗಿ ಚುಚ್ಚಿಸಿಕೊಂಡವರು ಬಹಳ.

ಕ್ಯಾಪ್ ಹಾಕಲೇಬೇಕಾದ ಸಂದರ್ಭ ಅಪರೂಪಕ್ಕೆ ಬರುತ್ತದೆ. ಆಗ ಕ್ಯಾಪನ್ನು ಟ್ರೇಯಲ್ಲಿ ಮಲಗಿಸಿ, ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ ಎತ್ತಿ. ಇನ್ನೊಂದು ಕೈ ಬೆನ್ನ ಹಿಂದಿರಲಿ.

ಖರೀದಿ ಮಾಡುವವರಿಗೆ ಒಂದು ಮಾತು. ಆಟೋ ಡಿಸೇಬಲ್ ಸಿರಿಂಜ್ ತಂದಿದ್ದೇವೆ, ಇನ್ನು ಚಿಂತೆಯಿಲ್ಲ ಎನ್ನುವವರಿದ್ದಾರೆ. ಅದು ತಡೆಯುವುದು ಮರುಬಳಕೆಯನ್ನು, ಚುಚ್ಚುವುದನ್ನಲ್ಲ. ಬಳಸಿದ ಮೇಲೆ ಸೂಜಿ ಒಳಗೆ ಸರಿಯುವ ಅಥವಾ ಮುಚ್ಚಿಕೊಳ್ಳುವ ಸಾಧನಗಳು ಬೇರೆಯೇ ಇವೆ. ಅಮೆರಿಕ 2000ದಲ್ಲೇ ಇದಕ್ಕಾಗಿ ಕಾನೂನು ಮಾಡಿತು. ಬೆಲೆ ಜಾಸ್ತಿ, ನಿಜ. ಎಲ್ಲ ಕಡೆ ಕೊಳ್ಳಲಾಗದಿದ್ದರೆ ರಕ್ತ ತೆಗೆಯುವಲ್ಲಿ, ಡ್ರಿಪ್‌ಗಾಗಿ ರಕ್ತನಾಳಕ್ಕೆ ಕ್ಯಾನುಲಾ ಎಂಬ ನಳಿಕೆ ಹಾಕುವಲ್ಲಿ ಮೊದಲು ತನ್ನಿ. ಒಳಗೆ ಟೊಳ್ಳಿರುವ, ರಕ್ತ ತುಂಬಿದ ಸೂಜಿಯೇ ಹೆಚ್ಚು ಅಪಾಯ.

ಲಸಿಕೆ

ಎಲ್ಲರೂ ಹೆದರುವುದು ಎಚ್‌ಐವಿಗೆ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಅದು ಹರಡುವ ಸಾಧ್ಯತೆ ಸುಮಾರು ಶೇ 0.3. ಲಸಿಕೆ ಹಾಕಿಸಿಕೊಳ್ಳದವರಿಗೆ ಲಿವರಿನ ಸೋಂಕಾದ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 6ರಿಂದ 30! ಒಣಗಿದ ರಕ್ತದಲ್ಲೂ ಆ ವೈರಸ್ ಒಂದು ವಾರ ಬದುಕಿರುತ್ತದೆ. ಅದಕ್ಕೆ ಲಸಿಕೆಯಿದೆ: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ತ್ಯಾಜ್ಯ ಮುಟ್ಟುವ ಸಿಬ್ಬಂದಿಗೆಲ್ಲ ಇದನ್ನೂ ಧನುರ್ವಾಯು ಲಸಿಕೆಯನ್ನೂ ಆಸ್ಪತ್ರೆಯೇ ಹಾಕಿಸಬೇಕೆಂದು 2016ರ ನಿಯಮಗಳೇ ಹೇಳುತ್ತವೆ. ಗುತ್ತಿಗೆಯವರು ಎಂದು ಯಾರನ್ನೂ ಕೈಬಿಡುವಂತಿಲ್ಲ. ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ರಕ್ತದಲ್ಲಿ ವೈರಸ್ ತಡೆಯುವ ಪ್ರತಿಕಾಯ ಬಂದಿದೆಯೇ ಎಂದು ಪರೀಕ್ಷಿಸಿ, ಫಲಿತಾಂಶವನ್ನು ಅವರ ಫೈಲಿನಲ್ಲಿಡಿ.

ಚುಚ್ಚಿಯೇಬಿಟ್ಟರೆ

ಕೆಲಸ ಅಲ್ಲೇ ನಿಲ್ಲಿಸಿ. ಗಾಯವನ್ನು ಹರಿಯುವ ನೀರು, ಸೋಪಿನಿಂದ ತೊಳೆಯಿರಿ. ಹಿಂಡಬೇಡಿ, ಬಾಯಲ್ಲಿಟ್ಟು ಚೀಪಬೇಡಿ, ಬ್ಲೀಚಿಂಗ್ ಹಚ್ಚಬೇಡಿ. ಕಣ್ಣಿಗೆ ರಕ್ತ ಸಿಡಿದಿದ್ದರೆ ಬರೀ ನೀರು ಸಾಕು. ಆಮೇಲೆ ಹೇಳಿ, ಆಗಲೇ ಹೇಳಿ.

ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸ್ ಎರಡು ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು. ರೋಗಿಯ ರಕ್ತಪರೀಕ್ಷೆಯ ವರದಿಗಾಗಿ ಕಾಯುತ್ತ ಕೂರಬೇಡಿ. ವರದಿ ಬಂದ ಮೇಲೆ ಬೇಡವೆಂದಾದರೆ ನಿಲ್ಲಿಸಬಹುದು. ಬೇಕಾದರೆ 28 ದಿನ ಪೂರ್ತಿ ನುಂಗಬೇಕು. ರೋಗಿಗೆ ಹೆಪಟೈಟಿಸ್ ಬಿ ಇದ್ದು, ಚುಚ್ಚಿಸಿಕೊಂಡವರಿಗೆ ಲಸಿಕೆ ಆಗಿಲ್ಲದಿದ್ದರೆ, ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು, ಸಾಧ್ಯವಾದಷ್ಟೂ 24 ಗಂಟೆಯೊಳಗೆ. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ, ಆದರೆ ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಅದಕ್ಕೇ ಅವತ್ತೇ ಒಮ್ಮೆ, ನಂತರ ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಪರೀಕ್ಷೆ ತಪ್ಪಿಸಬಾರದು.

ಬೈಗುಳವಿಲ್ಲದ ಪುಸ್ತಕ

ಪ್ರತಿಯೊಂದು ಚುಚ್ಚನ್ನೂ ಬರೆದಿಡುವ ಪುಸ್ತಕ ತೆರೆಯಿರಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕೆಲಸ ಮಾಡುವಾಗ. ‘ಯಾರ ತಪ್ಪು’ ಎಂಬ ಕಾಲಂ ಬೇಡ. ಇಂಥ ಘಟನೆಗಳ ವಿವರ ಹೇಗೂ ತ್ಯಾಜ್ಯದ ವಾರ್ಷಿಕ ವರದಿಯಲ್ಲಿ ಹೋಗಬೇಕು. ತರಬೇತಿ, ಗ್ಲೌಸ್‌ನಂಥ ರಕ್ಷಣೆ, ಚುಚ್ಚಿದಾಗ ಮಾತ್ರೆ ಒದಗಿಸುವುದು ಆಸ್ಪತ್ರೆಯ ಹೊಣೆ ಎಂದು 2017ರ ಎಚ್‌ಐವಿ ಕಾಯ್ದೆಯೂ ಹೇಳಿದೆ. ಯಾರ ಉಪಕಾರವೂ ಅಲ್ಲ ಅದು.

ಚುಚ್ಚಿದಾಗ ಯಾರನ್ನು ಕರೆಯಬೇಕು ಎಂಬುದನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಅಂಟಿಸಿ. ಓದಲು ಬಾರದವರಿಗೆ ಬಾಯಲ್ಲಿ ಹೇಳಿ, ಮರಳಿ ಹೇಳಿಸಿ. ಹಾಗೆಯೇ ಇವತ್ತು ರಾತ್ರಿ ಡ್ಯೂಟಿಗೆ ಬರುವ ಸಿಸ್ಟರ್ ಅವರನ್ನು ಕೇಳಿ ನೋಡಿ, ಮಾತ್ರೆ ಇಟ್ಟ ಕಪಾಟಿನ ಬೀಗದ ಕೈ ಎಲ್ಲಿದೆ ಎಂದು. ಸ್ಟೋರಿನವರ ಮನೆಯಲ್ಲಿದೆ ಎಂಬ ಉತ್ತರ ಬಂದರೆ, ಬೇರೆಲ್ಲಕ್ಕಿಂತ ಮೊದಲು ಅದನ್ನು ವಾರ್ಡಿಗೆ ತರಿಸಿ.