ಲಿಸ್ಪ್ ಸರ್ವರ್‌ಗೆ ಕನ್ನಡದ ಎರರ್ ಪುಟ ಹಾಕಿದ್ದು

ನಮ್ಮ ಬಡಾವಣೆಯ ಪುಟ್ಟ ಲೈಬ್ರರಿಗೆ ಪುಸ್ತಕ ಹುಡುಕುವ ಸೈಟ್ ಒಂದನ್ನು ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದೆ. ಪುಟಗಳನ್ನು ಬ್ರೌಸರ್‌ಗೆ ಕಳಿಸುವ ಸರ್ವರ್ ಹಂಚೆನ್‌ಟೂಟ್, ಅದು ಓಡುವುದು ಎಸ್‌ಬಿಸಿಎಲ್ ಎಂಬ ಲಿಸ್ಪ್ ಕಂಪೈಲರ್ ಮೇಲೆ. ಒಂದು ದಿನ ಲೈಬ್ರರಿ ನೋಡಿಕೊಳ್ಳುವವರು ಫೋನ್ ಮಾಡಿದರು. "ಸಾರ್, ಇಂಗ್ಲಿಷಲ್ಲಿ ಏನೋ ಬರ್ತಿದೆ. ನಾನೇನಾದ್ರೂ ಕೆಡಿಸಿಬಿಟ್ನಾ?" ನೋಡಿದರೆ ಬಿಳಿ ಪುಟದಲ್ಲಿ 'ಇಂಟರ್ನಲ್ ಸರ್ವರ್ ಎರರ್'. ತಪ್ಪು ನನ್ನದು, ಹೆದರಿದ್ದು ಅವರು.

404 ಪುಟ, ಅಂದರೆ ಕೇಳಿದ್ದು ಸಿಗದಿದ್ದಾಗ ತೋರಿಸುವ ಪುಟ, ಅರ್ಧ ಗಂಟೆಯ ಕೆಲಸ. ಬ್ರೌಸರ್‌ನ ಕೋರಿಕೆಗಳನ್ನು ತೆಗೆದುಕೊಳ್ಳುವ ಈಸಿ-ಅಕ್ಸೆಪ್ಟರ್ ಎಂಬ ಹಂಚೆನ್‌ಟೂಟ್ ಕ್ಲಾಸಿನಿಂದ ನನ್ನದೇ ಕ್ಲಾಸ್ ಮಾಡಿಕೊಂಡು, ಎರರ್ ಪುಟ ಕೊಡುವ ಅಕ್ಸೆಪ್ಟರ್-ಸ್ಟೇಟಸ್-ಮೆಸೇಜ್ ಎಂಬ ಮೆಥಡ್ (ಕ್ಲಾಸಿಗೆ ಅಂಟಿದ ಫಂಕ್ಷನ್) ಅದಕ್ಕೆ ಬರೆದೆ. ಲಿಸ್ಪ್‌ನಲ್ಲಿ ಕ್ಲಾಸಿಗಷ್ಟೇ ಅಲ್ಲ, 404 ಎಂಬ ಒಂದೇ ಸಂಖ್ಯೆಗೂ ಬೇರೆ ಮೆಥಡ್ ಬರೆಯಬಹುದು. ಆ ಮೆಥಡ್ ಕೊಟ್ಟ ಸ್ಟ್ರಿಂಗೇ (ಅಕ್ಷರಗಳ ಸಾಲು) ಪುಟವಾಗಿ ಹೋಗುತ್ತದೆ. ಪುಸ್ತಕ ಸಿಗದಿದ್ದಾಗ, ಪುಟ ತಯಾರಿಸುವ ಫಂಕ್ಷನ್ ಆದ ಹ್ಯಾಂಡ್ಲರ್‌ನಲ್ಲಿ ರಿಟರ್ನ್-ಕೋಡ್‌ಗೆ 404 ಹಾಕಿ ನಿಲ್ (ಲಿಸ್ಪ್‌ನಲ್ಲಿ 'ಏನೂ ಇಲ್ಲ') ವಾಪಸ್ ಕೊಟ್ಟರೆ ಸಾಕು. ಮಿಕ್ಕಿದ್ದು ಹಂಚೆನ್‌ಟೂಟ್ ನೋಡಿಕೊಳ್ಳುತ್ತದೆ.

500, ಅಂದರೆ ಆ 'ಇಂಟರ್ನಲ್ ಸರ್ವರ್ ಎರರ್' ಪುಟ, ಮಾತ್ರ ಸತಾಯಿಸಿತು. ಮೊದಲು ನಾನು ಪ್ರತಿ ಹ್ಯಾಂಡ್ಲರ್‌ಗೂ ಎರರ್ ಹಿಡಿಯುವ ಹ್ಯಾಂಡ್ಲರ್-ಕೇಸ್ ಸುತ್ತಿ, ಎರರ್ ಬಂದರೆ ಲಾಗ್‌ಗೆ (ಸರ್ವರ್‌ನ ದಿನಚರಿ ಫೈಲ್) ಬರೆದು, ಚಂದದ ಪುಟ ಕಳಿಸುತ್ತಿದ್ದೆ. ಪುಟವೇನೋ ಬಂತು. ಲಾಗ್‌ನಲ್ಲಿ 'ನಿಲ್ ಎಂಬುದು ಸ್ಟ್ರಿಂಗ್ ಅಲ್ಲ' ಎಂಬ ಅರ್ಥದ ಒಂದು ಸಾಲು. ಎಲ್ಲಿ? ಯಾವ ಫಂಕ್ಷನ್? ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿಯಾದ ಬ್ಯಾಕ್‌ಟ್ರೇಸ್ ತುಂಬ ಬರೀ ಸರ್ವರ್‌ನ ಒಳಗಿನ ಹೆಸರುಗಳು, ನನ್ನ ಫಂಕ್ಷನ್ ಒಂದೂ ಇಲ್ಲ. ಎರಡು ಸಂಜೆ ಹೋದ ಮೇಲೆ ಹೊಳೆಯಿತು: ಹ್ಯಾಂಡ್ಲರ್-ಕೇಸ್ ಮೊದಲು ಸ್ಟ್ಯಾಕ್ (ಇನ್ನೂ ಮುಗಿಯದ ಫಂಕ್ಷನ್‌ಗಳ ಅಟ್ಟಿ) ಬಿಚ್ಚುತ್ತದೆ, ಆಮೇಲೆ ನನ್ನ ಕೋಡ್‌ಗೆ ಬರುತ್ತದೆ. ಆಕ್ಸಿಡೆಂಟ್ ಆದ ಜಾಗಕ್ಕೆ ಪೊಲೀಸರು ಬರುವಷ್ಟರಲ್ಲಿ ಗಾಡಿ ಎತ್ತಿ ರಸ್ತೆ ತೊಳೆದುಬಿಟ್ಟ ಹಾಗೆ. ಎರರ್ ಹಿಡಿಯುವ ಇನ್ನೊಂದು ದಾರಿ ಹ್ಯಾಂಡ್ಲರ್-ಬೈಂಡ್ ಹಾಗಲ್ಲ. ಎರರ್ ಎದ್ದ ಜಾಗದಲ್ಲೇ, ಸ್ಟ್ಯಾಕ್ ಇನ್ನೂ ಇದ್ದ ಹಾಗೇ ಇರುವಾಗ ಓಡುತ್ತದೆ.

ತಮಾಷೆ ಏನೆಂದರೆ, ಹಂಚೆನ್‌ಟೂಟ್ ಒಳಗೆ ಮಾಡುವುದೂ ಇದನ್ನೇ. ಹ್ಯಾಂಡ್ಲರ್-ಬೈಂಡ್‌ನಲ್ಲಿ ಬ್ಯಾಕ್‌ಟ್ರೇಸ್ ಹಿಡಿದು, ಎರರ್ ಜೊತೆ ಅದನ್ನೂ 500ರ ಮೆಥಡ್‌ಗೆ ಹೆಸರಿಟ್ಟ ಆರ್ಗ್ಯುಮೆಂಟ್ (ಕೀವರ್ಡ್) ಆಗಿ ಕೊಡುತ್ತದೆ. ನಾನು ಸುಮ್ನೆ ಅಡ್ಡ ನಿಂತಿದ್ದೆ ಅಷ್ಟೆ. ನನ್ನ ಸುತ್ತುಗಳನ್ನೆಲ್ಲ ಕಿತ್ತುಹಾಕಿದೆ. ಲೇಖಕರ ಹೆಸರಿನ ಮೊದಲ ಅಕ್ಷರ ತೆಗೆಯುವ ಫಂಕ್ಷನ್ ಲಾಗ್‌ನಲ್ಲಿ ಎದ್ದು ಕಂಡಿತು. ಒಂದು ಪುಸ್ತಕಕ್ಕೆ ಲೇಖಕರ ಹೆಸರೇ ತುಂಬಿರಲಿಲ್ಲ.

ಈಗ ನನ್ನ 500ರ ಮೆಥಡ್ ಆರಂಕಿಯ ಒಂದು ಸಂಖ್ಯೆ ಹುಟ್ಟಿಸಿ, ಬ್ಯಾಕ್‌ಟ್ರೇಸ್ ಜೊತೆ ಲಾಗ್‌ಗೆ ಬರೆಯುತ್ತದೆ. ಪುಟದಲ್ಲಿ ಆ ಸಂಖ್ಯೆ ಮಾತ್ರ, ಜೊತೆಗೆ 'ತಪ್ಪು ನಿಮ್ಮದಲ್ಲ' ಎಂಬ ಸಾಲು. ಡೇಟಾಬೇಸ್ ಮುಟ್ಟುವ ಮೆನು ಈ ಪುಟದಲ್ಲಿ ಬೇಡ. ಬಿದ್ದಿರುವುದು ಡೇಟಾಬೇಸೇ ಆಗಿದ್ದರೆ ಎರರ್ ಪುಟವೂ ಬೀಳುತ್ತದೆ, ಅಲ್ವಾ? ಕಳಿಸುತ್ತಿರುವುದು ಯಾವ ಬಗೆಯದು ಎಂದು ಬ್ರೌಸರ್‌ಗೆ ಹೇಳುವ ಕಂಟೆಂಟ್-ಟೈಪ್ ಅನ್ನೂ ಮೆಥಡ್‌ನಲ್ಲೇ ಹಾಕಿ. ಪುಟದ ಬದಲು ಜೇಸನ್ ರೂಪದ ಬರೀ ಡೇಟಾ ಕಳಿಸುವ ಹ್ಯಾಂಡ್ಲರ್ ಬಿದ್ದಾಗ, ಅದು ಮೊದಲೇ ಇಟ್ಟಿದ್ದ ಟೈಪ್ ಹಾಗೇ ಉಳಿದು ನನ್ನ ಪುಟದ ಟ್ಯಾಗ್‌ಗಳೆಲ್ಲ ಅಕ್ಷರವಾಗಿ ಕಂಡಿದ್ದವು.

ಒಂದು ಎಡವಟ್ಟು ಹೇಳಲೇಬೇಕು. ಮನೆಯಲ್ಲಿ ಕೋಡ್ ಬರೆಯುವಾಗ, ಎರರ್‌ಗಳನ್ನು ಹಂಚೆನ್‌ಟೂಟ್ ತಾನೇ ಹಿಡಿಯಬೇಕೇ ಎಂದು ಹೇಳುವ ಕ್ಯಾಚ್-ಎರರ್ಸ್-ಪಿ ಸೆಟ್ಟಿಂಗ್ ಅನ್ನು ನಿಲ್ ಮಾಡಿಕೊಳ್ಳುತ್ತೇನೆ. ಎರರ್ ಬಂದರೆ ಸ್ಲೈಮ್‌ನಲ್ಲಿ (ನಾನು ಲಿಸ್ಪ್ ಬರೆಯುವ ಎಡಿಟರ್‌ನ ಸಲಕರಣೆ) ತಪ್ಪು ಹುಡುಕುವ ಡೀಬಗರ್ ತೆರೆಯುತ್ತದೆ, ಬ್ರೌಸರ್ ಕಾಯುತ್ತಿರುತ್ತದೆ, ಅಲ್ಲೇ ಸರಿಮಾಡಿ ಮುಂದುವರಿಸಬಹುದು. ಅಂಥ ಸುಖ ಬೇರೆಲ್ಲೂ ಇಲ್ಲ! ಆದರೆ ಅದೇ ಸೆಟ್ಟಿಂಗ್ ಲೈಬ್ರರಿಯ ಸರ್ವರ್‌ಗೂ ಹೋಗಿಬಿಟ್ಟಿತು. ಅಲ್ಲಿ ಎಸ್‌ಬಿಸಿಎಲ್ ಅನ್ನು ಡಿಸೇಬಲ್-ಡೀಬಗರ್ ಹಾಕಿ ಶುರು ಮಾಡಿದ್ದೆ. ಡೀಬಗರ್‌ಗೆ ಹೋಗು ಎಂದರೆ ಅದು ಇಡೀ ಪ್ರೋಸೆಸ್ಸನ್ನೇ ಮುಚ್ಚಿಕೊಂಡು ಹೊರಡುತ್ತದೆ. ಒಂದು ಪುಟದ ತಪ್ಪಿಗೆ ಸೈಟೇ ಮಾಯ. ಈಗ ಆ ಸಾಲು ನನ್ನ ಲ್ಯಾಪ್‌ಟಾಪಿನ ಫೈಲ್‌ನಲ್ಲಿ ಮಾತ್ರ ಇದೆ.

ಮೊನ್ನೆ ಮತ್ತೆ ಫೋನ್ ಬಂತು. "ಸಾರ್, ತಪ್ಪು ನಂದಲ್ವಂತೆ, ನಂಬರ್ ಬರ್ಕೊಳಿ." ಲಾಗ್ ತೆಗೆದೆ. ಅಕ್ಷರಗಳನ್ನು ಸಂಖ್ಯೆ ಮಾಡುವ ಪಾರ್ಸ್-ಇಂಟೀಜರ್‌ನಲ್ಲಿ ಬಿದ್ದಿತ್ತು. ಮುದ್ರಣದ ವರ್ಷ ಕೇಳುವ ಜಾಗದಲ್ಲಿ ಅವರು 'ಗೊತ್ತಿಲ್ಲ' ಎಂದು ಟೈಪ್ ಮಾಡಿದ್ದರು.