ಹಬೆಯ ಮುಂದೆ ರೋಜಾ: ನೀರಿನ ಲೆಕ್ಕ ನಾನು ಸರಿ ಮಾಡಿಕೊಂಡ ಬಗೆ

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವರಿಗೆ ರಮ್ಜಾನ್ ತಿಂಗಳು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೈ ಬಿಸಿನೀರಲ್ಲಿ, ಮುಖಕ್ಕೆ ಹಬೆ, ಗಂಟಲಿಗೆ ಹನಿ ನೀರಿಲ್ಲ. 2019ರಲ್ಲಿ ರೋಜಾ, ಅಂದರೆ ರಮ್ಜಾನ್ ಉಪವಾಸ, ಮೇ ತಿಂಗಳಲ್ಲಿ ಬಂದಿತ್ತು. ಮಧ್ಯಾಹ್ನ ಎರಡಾದರೆ ನನಗೆ ತಲೆ ಸಿಡಿಯುತ್ತಿತ್ತು. ಎಳೆ ಕಡಿದರೆ ಸೇರಿಸಲು ಕಣ್ಣು ನಿಲ್ಲುತ್ತಿರಲಿಲ್ಲ. ನೂಲು ಒಂದೇ ಸಮ ಬರದೆ ಕೆಜಿಗೆ ಹೆಚ್ಚುಕಡಿಮೆ ನೂರು ರೂಪಾಯಿ ಕಮ್ಮಿಗೆ ಕೊಟ್ಟೆವು. ಎಷ್ಟೋ ದಿನ ಅರ್ಧಕ್ಕೇ ಬಾಯ್ಲರ್ ಆರಿಸಿದೆವು. ಕೂಲಿಯನ್ನಂತೂ ಪೂರ್ತಿ ಕೊಡಬೇಕು, ಅಲ್ವಾ?

ಆಮೇಲೆ ಒಂದೊಂದೇ ಮಾಡಿ ನೋಡಿದೆ. ಸಹರಿ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟ, ಮುಗಿಯುವ ಹೊತ್ತಿಗೆ ಒಂದೂವರೆ ಲೀಟರ್ ನೀರು ಒಟ್ಟಿಗೆ ಕುಡಿದೆ. ಏಳೂವರೆಗೆಲ್ಲ ಅದು ಮೂತ್ರವಾಗಿ ಹೋಗಿಬಿಡುತ್ತಿತ್ತು, ಹೊಟ್ಟೆ ಉಬ್ಬರ ಮಾತ್ರ ಉಳಿಯಿತು. ಬಣ್ಣದ ಶರಬತ್ತು ಕುಡಿದರೆ ಬಾಯಿ ಇನ್ನೂ ಒಣಗುತ್ತಿತ್ತು. ಮೆಡಿಕಲ್ ಶಾಪಿನಿಂದ ಓಆರ್‌ಎಸ್ ಪ್ಯಾಕೆಟ್ ತಂದು ರಾಶಿ ಹಾಕಿದೆ. ಒಂದು ಲೀಟರಿಗೆ ಕಲಸಬೇಕಾದ ಪ್ಯಾಕೆಟ್ಟನ್ನು ನಮ್ಮವರು ಒಂದೇ ಲೋಟಕ್ಕೆ ಸುರಿಯುತ್ತಾರೆ. ಅಷ್ಟು ಗಟ್ಟಿಯಾದರೆ ಬಾಯಾರಿಕೆ ಏರುತ್ತದೆ, ಇಳಿಯೋದಿಲ್ಲ. ಇವಕ್ಕೆಲ್ಲ ಎರಡು ಸಾವಿರದ ಹತ್ತಿರ ಹೋಗಿರಬೇಕು.

ನಿಜವಾದ ದಾರಿ ಸಿಕ್ಕಿದ್ದು ತಕ್ಕಡಿಯಿಂದ. ಗೂಡು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಶೆಡ್ಡಲ್ಲೇ ಇದೆ. ಸಹರಿ ಆದ ಮೇಲೆ ಒಮ್ಮೆ, ಸಂಜೆ ಉಪವಾಸ ಬಿಡುವ ಇಫ್ತಾರಿಗೆ ಮುಂಚೆ ಒಮ್ಮೆ ಅದರ ಮೇಲೆ ನಿಂತೆ. ಹಗಲಲ್ಲಿ ಎರಡು ಕೆಜಿಗಿಂತ ಜಾಸ್ತಿ ಇಳಿಯುತ್ತಿತ್ತು. ಒಂದು ದಿನದಲ್ಲಿ ಇಳಿಯುವ ತೂಕ ಬಹುಪಾಲು ನೀರೇ. ಅಂದರೆ ಎರಡು ಲೀಟರ್ ಸಾಲ. ಅದನ್ನು ರಾತ್ರಿ ತೀರಿಸಬೇಕು, ಆದರೆ ಒಂದೇ ಕಂತಲ್ಲಿ ಅಲ್ಲ.

ಇಫ್ತಾರಿನಿಂದ ಸಹರಿವರೆಗೆ ನಮ್ಮ ಕಡೆ ಮಾರ್ಚಿನಲ್ಲಿ ಹತ್ತೂವರೆ ಗಂಟೆ ಸಿಗುತ್ತದೆ. ಖರ್ಜೂರದ ಜೊತೆ ಒಂದು ಲೋಟ, ಸಂಜೆಯ ಮಗ್ರಿಬ್ ನಮಾಜ್ ಆದ ಮೇಲೆ ಒಂದು, ಊಟಕ್ಕೆ ಎರಡು. ರಮ್ಜಾನ್ ರಾತ್ರಿಯ ತರಾವೀಹ್ ನಮಾಜಿನಲ್ಲಿ ಪ್ರತಿ ನಾಲ್ಕು ರಕಾತ್ (ನಮಾಜಿನ ಸುತ್ತು) ಆದ ಮೇಲೆ ಸ್ವಲ್ಪ ಹೊತ್ತು ಕೂರುತ್ತೇವಲ್ಲ, ಆಗ ಅರ್ಧರ್ಧ ಲೋಟ. ಈ ಸಮಯವನ್ನು ಯಾರೂ ಬಳಸಿಕೊಳ್ಳುತ್ತಿರಲಿಲ್ಲ. ಬಾಟಲಿ ಹಿಡಿದು ಮಸೀದಿಗೆ ಹೋದರೆ ನಮ್ಮ ಭಾವ, "ಏನಪ್ಪಾ, ನಮಾಜಿಗೆ ಬಂದ್ಯೋ, ನೀರು ಕುಡಿಯೋಕೆ ಬಂದ್ಯೋ?" ಅಂದರು. ಮಲಗುವ ಮುಂಚೆ ಒಂದು, ಎದ್ದ ತಕ್ಷಣ ಒಂದು, ಸಹರಿ ಊಟದ ಜೊತೆ ಎರಡು. ಎಲ್ಲ ಸೇರಿ ಮೂರು ಲೀಟರ್ ಆಸುಪಾಸು.

ಸಹರಿಗೆ ಪರಾಟಾ, ಉಪ್ಪಿನಕಾಯಿ, ರಾತ್ರಿಯ ಬಿರಿಯಾನಿ ಎಲ್ಲ ನಿಲ್ಲಿಸಿದೆ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ದೊಡ್ಡ ಲೋಟದಲ್ಲಿ ಒಂದೂವರೆ, ಒಂದು ಮೊಟ್ಟೆ, ಸೌತೆಕಾಯಿ. ಅಂಬಲಿ ಕುಡಿದು ಬಾಯ್ಲರ್ ಮುಂದೆ ನಿಲ್ಲುತ್ತಾನಂತೆ ಅಂತ ಮಾತಾಡಿಕೊಂಡರು. ಬರೀ ನೀರಿಗಿಂತ ಅಂಬಲಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಮಜ್ಜಿಗೆಯ ಉಪ್ಪು ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ. ಮಜ್ಜಿಗೆಗೆ ನಮ್ಮ ಅಮ್ಮ ಕುಟ್ಟಿ ಹಾಕುವ ಪುಡಿ ಒಂದಿದೆ. ಅದನ್ನು ಇಲ್ಲಿ ಬರೆಯಲ್ಲ, ಮನೆಗೆ ಬಂದರೆ ಕುಡಿಸುತ್ತೇನೆ.

ತಲೆನೋವಿನದು ಬೇರೆ ಕಥೆ. ಅದು ನೀರಿಗಿಂತ ಚಹಾ ತಪ್ಪಿದ್ದಕ್ಕೆ ಬರುತ್ತಿತ್ತು. ದಿನಕ್ಕೆ ಏಳೆಂಟು ಚಹಾ ಕುಡಿಯುವವರು ಒಂದೇ ದಿನ ಬಿಟ್ಟರೆ ಹಾಗೇ ಆಗುತ್ತದೆ. ಈಗ ರಮ್ಜಾನಿಗೆ ಮುಂಚಿನ ಶಾಬಾನ್ ತಿಂಗಳು ಅರ್ಧ ಆಗುತ್ತಿದ್ದಂತೆ ಒಂದೊಂದೇ ಲೋಟ ಇಳಿಸುತ್ತೇನೆ. ರೋಜಾ ಶುರುವಾದಾಗ ತಲೆ ಹಗುರವಾಗಿರುತ್ತದೆ.

ಮೂರು ಲೀಟರ್ ಕುಡಿಯುವಾಗ ಯಾವ ನೀರು ಅನ್ನೋದನ್ನೂ ನೋಡಬೇಕು. ನಮ್ಮ ಜಿಲ್ಲೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ, ಕುದಿಸಿದರೂ ಅದು ಹೋಗಲ್ಲ. ಶುದ್ಧ ನೀರಿನ ಘಟಕದ ಕ್ಯಾನನ್ನೇ ತರುತ್ತೇನೆ. ಫ್ರಿಜ್ ನೀರು ಬಿಟ್ಟು ಮಡಕೆಯದು ಕುಡಿದು ನೋಡಿದೆ. ತಣ್ಣನೆಯದು ಎರಡು ಗುಟುಕಿಗೇ ಸಾಕು ಅನ್ನಿಸುತ್ತದೆ, ಮಡಕೆಯದು ಜಾಸ್ತಿ ಹೋಗುತ್ತದೆ. ಸಬ್ಜಾ ಬೀಜದಿಂದ ತಕ್ಕಡಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಮಕ್ಕಳಿಗೆ ಇಷ್ಟ ಅಂತ ಹಾಕುತ್ತೇವೆ.

2024ರ ಬೇಸಿಗೆ ನೆನಪಿದೆಯಲ್ಲ, ಬರ, ಬೋರ್‌ವೆಲ್ ಒಣಗಿದ ವರ್ಷ. ರೋಜಾ ಮಾರ್ಚ್ ಮಧ್ಯದಿಂದ ಏಪ್ರಿಲ್‌ವರೆಗೆ ಇತ್ತು. ಸಹರಿ ಆದ ಕೂಡಲೇ ಬಾಯ್ಲರ್ ಹಚ್ಚಿ, ಬಿಸಿಲು ಏರುವ ಮುಂಚೆ ಬೇಯಿಸುವ ಕೆಲಸ ಮುಗಿಸಿದೆ. ಹಗಲಲ್ಲಿ ತೂಕ ಇಳಿದದ್ದು ಒಂದೂಕಾಲು ಕೆಜಿ ಸುತ್ತಮುತ್ತ. ಒಂದು ದಿನವೂ ಕೆಲಸ ನಿಲ್ಲಿಸಲಿಲ್ಲ. ನೂಲಿಗೆ ಮಾರುಕಟ್ಟೆಯ ಪೂರ್ತಿ ರೇಟು ಸಿಕ್ಕಿತು. ಆ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಹಾಗೆ ನಡೆಸಿದ್ದು ನಾನೊಬ್ಬನೇ, ಧೈರ್ಯವಾಗಿ ಹೇಳುತ್ತೇನೆ.

ನಮ್ಮಲ್ಲಿ ನೂಲು ತೆಗೆಯುವ ಅಕ್ಕ ಒಬ್ಬರು ವೈಕುಂಠ ಏಕಾದಶಿಗೆ ನೀರೂ ಮುಟ್ಟದೆ ಇರುತ್ತಾರೆ. "ಸಾಬ್ರೇ, ನಿಮ್ಮ ಲೆಕ್ಕ ನನಗೂ ಹೇಳಿ" ಅಂದರು. ಅವರು ರಾತ್ರಿಯೂ ನೀರು ಕುಡಿಯುವ ಹಾಗಿಲ್ಲ, ಹಾಗಾಗಿ ದಶಮಿ ಬೆಳಗಿನಿಂದಲೇ ಗಂಟೆಗೊಂದು ಲೋಟ ಕುಡಿಯಲು ಹೇಳಿದೆ. ದ್ವಾದಶಿ ಬೆಳಿಗ್ಗೆ ಸುಸ್ತಿಲ್ಲದೆ ಕೆಲಸಕ್ಕೆ ಬಂದರು.

ನಮ್ಮ ಅಣ್ಣನಿಗೆ ಶುಗರ್ ಇದೆ. ಅವನಿಗೆ ಇದ್ಯಾವುದನ್ನೂ ಹೇಳಿಲ್ಲ, ಡಾಕ್ಟರ್ ಹೇಳಿದ ಹಾಗೆ ರೋಜಾ ಬಿಟ್ಟಿದ್ದಾನೆ. ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇದೆ. ಗಟ್ಟಿಮುಟ್ಟಾದವರಿಗೂ ಕಣ್ಣು ಕತ್ತಲೆ ಬಂದರೆ, ಮೂತ್ರ ಕಡು ಹಳದಿಯಾಗಿ ನಿಂತೇ ಹೋದರೆ ಅಲ್ಲೇ ನೀರು ಕುಡಿಯಬೇಕು, ಆ ರೋಜಾವನ್ನು ಆಮೇಲೆ ತೀರಿಸಬಹುದು. ಭಾವ ಈಗ ತಾವೇ ಬಾಟಲಿ ತರುತ್ತಾರೆ, ಅಂಬಲಿಗೆ ಮಾತ್ರ ಇನ್ನೂ ಒಪ್ಪಿಲ್ಲ.